ಗ್ರಾಹಕರ ಸಹಕಾರ ಸಂಘದಲ್ಲಿ ಖರೀದಿಯ ಮೇಲಿನ ರಿಬೇಟು ಏಕೆ ಮರೆಯಾಯಿತು?

ಪ್ರಶ್ನೆ: ಹಳೆಯ ಷೇರುದಾರ

ಮಾನ್ಯರೆ,

ನಮ್ಮ ಜಿಲ್ಲೆಯ ಗ್ರಾಹಕರ ಸಹಕಾರ ಸಂಘದಲ್ಲಿ ನಮ್ಮ ತಂದೆಯವರು 1960ರ ದಶಕದಲ್ಲಿ ಷೇರು ಪಡೆದಿದ್ದರು. ಅವರ ಕಾಲಾನಂತರ ಅದು ನನ್ನ ಹೆಸರಿಗೆ ವರ್ಗವಾಗಿದೆ. ಪ್ರತಿ ವರ್ಷ ಸರ್ವಸದಸ್ಯರ ಸಭೆಯ ನೋಟೀಸಿನ ಜೊತೆಗೆ ವಾರ್ಷಿಕ ವರದಿಯೂ ಬರುತ್ತದೆ. ಕೆಲವು ವರ್ಷ ಷೇರಿನ ಮೇಲೆ ಸಣ್ಣ ಡಿವಿಡೆಂಡ್ ಘೋಷಿಸುತ್ತಾರೆ, ಕೆಲವು ವರ್ಷ ಅದೂ ಇರುವುದಿಲ್ಲ. ಇದುವರೆಗೆ ನಾನು ಇದನ್ನೆಲ್ಲ ಅಷ್ಟಾಗಿ ಗಮನಿಸಿದವನಲ್ಲ.

ಕಳೆದ ತಿಂಗಳು ಮನೆಯ ಹಳೆಯ ಟ್ರಂಕನ್ನು ಖಾಲಿ ಮಾಡುವಾಗ ತಂದೆಯವರ ಹೆಸರಿನ ಒಂದು ಖರೀದಿ ಪುಸ್ತಕ ಸಿಕ್ಕಿತು. ಬ್ಯಾಂಕಿನ ಪಾಸ್‌ಬುಕ್ಕಿನಷ್ಟೇ ದೊಡ್ಡದು. ಅಕ್ಕಿ, ಸಕ್ಕರೆ, ಸೋಪು, ಧೋತರ ಹೀಗೆ ಸಂಘದ ಮಳಿಗೆಯಲ್ಲಿ ಅವರು ಕೊಂಡದ್ದೆಲ್ಲವೂ ತಾರೀಖಿನ ಸಮೇತ ಅದರಲ್ಲಿ ದಾಖಲಾಗಿದ್ದು, ವರ್ಷದ ಕೊನೆಯ ಪುಟದಲ್ಲಿ ಒಟ್ಟು ಮೊತ್ತವನ್ನು ಕೂಡಿ, ಅದರ ಕೆಳಗೆ ‘ಖರೀದಿ ರಿಬೇಟು’ ಎಂದು ಬರೆದು ಒಂದು ಮೊತ್ತವನ್ನು ಅವರಿಗೆ ಕೊಟ್ಟಿರುವುದಕ್ಕೆ ಸಹಿ ಇದೆ. ಷೇರಿನ ಡಿವಿಡೆಂಡನ್ನು ಬೇರೆಯೇ ಸಾಲಿನಲ್ಲಿ ತೋರಿಸಿದ್ದಾರೆ. ಅಂದರೆ ಹಾಕಿದ ಹಣಕ್ಕೆ ಒಂದು ಪ್ರತಿಫಲ, ಮಾಡಿದ ವ್ಯಾಪಾರಕ್ಕೆ ಮತ್ತೊಂದು. ಈ ಎರಡನೆಯದರ ಹೆಸರನ್ನೇ ಈಗಿನ ವರದಿಗಳಲ್ಲಿ ನಾನು ಕಂಡಿಲ್ಲ.

ಈ ಬಗ್ಗೆ ತಿಳಿದವರಿಂದ ಮೂರು ವಿಷಯಗಳನ್ನು ತಿಳಿಯಬಯಸುತ್ತೇನೆ. ಈ ರಿಬೇಟಿನ ಪದ್ಧತಿ ಎಲ್ಲಿಂದ ಬಂತು ಮತ್ತು ನಮ್ಮಲ್ಲಿ ಅದು ನಿಂತುಹೋದದ್ದು ಹೇಗೆ? ಹಾಲಿನ ಸಹಕಾರ ಸಂಘಗಳು ಊರೂರಿನಲ್ಲೂ ಬೇರುಬಿಟ್ಟಿರುವ ಇದೇ ರಾಜ್ಯದಲ್ಲಿ ಗ್ರಾಹಕರ ಸಂಘಗಳು ಔಷಧಿ ಅಂಗಡಿ ಮತ್ತು ಪಡಿತರ ವಿತರಣೆಗೆ ಸೀಮಿತವಾಗಿ ಉಳಿದದ್ದೇಕೆ? ಮುಂದಿನ ಸಭೆಯಲ್ಲಿ ರಿಬೇಟನ್ನು ಮತ್ತೆ ಆರಂಭಿಸಬೇಕೆಂದು ನಾನು ವಿಷಯ ಮಂಡಿಸಿದರೆ ಅದು ವ್ಯವಹಾರದ ದೃಷ್ಟಿಯಿಂದ ಸಾಧ್ಯವಾಗುವ ಮಾತೇ, ಇಲ್ಲವೇ ಹಳೆಯ ಪುಸ್ತಕ ಸಿಕ್ಕ ಸಂತೋಷಕ್ಕೆ ಹೇಳಿದ ಮಾತಾಗಿ ಉಳಿಯುತ್ತದೆಯೇ?

ಉತ್ತರ 1: ಇತಿಹಾಸದ ಮೇಷ್ಟ್ರು

ತಮಗೆ ಸಿಕ್ಕಿರುವ ಪುಸ್ತಕವನ್ನು ದಯವಿಟ್ಟು ಜೋಪಾನವಾಗಿಡಿ. ಅದರಲ್ಲಿರುವ ಲೆಕ್ಕದ ಕ್ರಮಕ್ಕೆ ಸುಮಾರು 180 ವರ್ಷಗಳ ಚರಿತ್ರೆಯಿದೆ.

ಇಂಗ್ಲೆಂಡಿನ ಲ್ಯಾಂಕಾಶೈರ್ ಪ್ರಾಂತದ ರಾಚ್‌ಡೇಲ್ ಎಂಬ ಜವಳಿ ಗಿರಣಿಗಳ ಊರಿನಲ್ಲಿ 28 ಮಂದಿ, ಅವರಲ್ಲಿ ಹೆಚ್ಚಿನವರು ನೇಕಾರರು ಮತ್ತು ಕುಶಲಕರ್ಮಿಗಳು, ತಲಾ ಒಂದು ಪೌಂಡಿನಂತೆ ಬಂಡವಾಳ ಕೂಡಿಸಿ 1844ರ ಡಿಸೆಂಬರ್ 21ರಂದು ಟೋಡ್ ಲೇನ್ ಎಂಬ ಬೀದಿಯಲ್ಲಿ ಅಂಗಡಿ ತೆರೆದರು. ಒಂದು ಪೌಂಡನ್ನು ಒಮ್ಮೆಗೇ ಕೊಡುವ ಶಕ್ತಿಯಿಲ್ಲದ ಕಾರಣ ವಾರಕ್ಕೆ ಕೆಲವು ಪೆನ್ನಿಗಳಂತೆ ಕಂತಿನಲ್ಲಿ ಕಟ್ಟಿದ್ದರು. ಮೊದಲ ದಿನ ಅಂಗಡಿಯಲ್ಲಿದ್ದ ಸರಕೆಂದರೆ ಬೆಣ್ಣೆ, ಸಕ್ಕರೆ, ಹಿಟ್ಟು, ಓಟ್ಸ್ ಹಿಟ್ಟು ಮತ್ತು ಮೇಣದಬತ್ತಿ, ಅಷ್ಟೇ. ಸಹಕಾರಿ ಅಂಗಡಿಯ ಪ್ರಯೋಗ ಇದೇ ಮೊದಲಲ್ಲ. ಇದಕ್ಕೂ ಮುಂಚೆ ಇಂಥ ಅಂಗಡಿಗಳು ಹಲವು ಹುಟ್ಟಿ ಮುಚ್ಚಿದ್ದವು. ಅವುಗಳಲ್ಲಿ ಅನೇಕವು ಒಂದೋ ಸಾಲ ಕೊಟ್ಟು ಕೆಟ್ಟವು, ಇಲ್ಲವೇ ಅಸಲಿನ ಬೆಲೆಗೇ ಮಾರಿ ಕೈಯಲ್ಲಿ ಏನೂ ಉಳಿಸಿಕೊಳ್ಳದೆ ಮೊದಲ ಸಂಕಷ್ಟದಲ್ಲೇ ನೆಲಕಚ್ಚಿದವು.

ರಾಚ್‌ಡೇಲಿನವರು ಈ ಎರಡೂ ತಪ್ಪುಗಳನ್ನು ತಿದ್ದಿಕೊಂಡರು. ವ್ಯಾಪಾರ ನಗದಿಗೆ ಮಾತ್ರ, ಮಾರಾಟ ಪೇಟೆಯ ಬೆಲೆಗೇ, ತೂಕ ಸರಿಯಾಗಿರಬೇಕು, ಸರಕಿನಲ್ಲಿ ಕಲಬೆರಕೆ ಇರಕೂಡದು. ಆ ಕಾಲದಲ್ಲಿ ಹಿಟ್ಟಿಗೆ ಸೀಮೆಸುಣ್ಣದ ಪುಡಿ ಬೆರೆಸುವುದು ಅಪರೂಪವಲ್ಲವಾದ್ದರಿಂದ ಈ ಕೊನೆಯ ನಿಯಮವೇ ಸಂಘಕ್ಕೆ ಹೆಸರು ತಂದಿತೆಂದರೂ ತಪ್ಪಾಗದು. ಮೂರು ತಿಂಗಳಿಗೊಮ್ಮೆ ಲೆಕ್ಕ ಮಾಡಿ, ಖರ್ಚು ಮತ್ತು ಬಂಡವಾಳದ ಮೇಲಿನ ಮಿತವಾದ ಬಡ್ಡಿಯನ್ನು ಕಳೆದು ಉಳಿದದ್ದನ್ನು ಷೇರಿಗೆ ಅನುಗುಣವಾಗಿ ಹಂಚದೆ, ಪ್ರತಿಯೊಬ್ಬ ಸದಸ್ಯನೂ ಅಂಗಡಿಯಲ್ಲಿ ಮಾಡಿದ ಖರೀದಿಗೆ ಅನುಗುಣವಾಗಿ ಮರಳಿಸಿದರು. ಈ ಆಲೋಚನೆಯನ್ನು ರಾಚ್‌ಡೇಲಿನಲ್ಲಿ ಮುಂದಿಟ್ಟವನು ಚಾರ್ಲ್ಸ್ ಹೋವರ್ತ್ ಎಂದು ಹೇಳುವುದು ವಾಡಿಕೆ. ಬಹಳ ಷೇರು ಹಾಕಿ ಅಂಗಡಿಯತ್ತ ಸುಳಿಯದವನಿಗಿಂತ ಒಂದೇ ಷೇರು ಹಾಕಿ ವಾರವಾರವೂ ಸಾಮಾನು ಒಯ್ಯುವ ಗೃಹಿಣಿಗೆ ಹೆಚ್ಚು ಸಿಗುವ ಈ ಏರ್ಪಾಟನ್ನು ಅಲ್ಲಿನ ಜನ ಮುದ್ದಿನಿಂದ ‘ಡಿವಿ’ ಎಂದು ಕರೆದರು. ಅಮ್ಮನ ಸದಸ್ಯತ್ವ ಸಂಖ್ಯೆಯನ್ನು ಅಂಗಡಿಯಲ್ಲಿ ತಪ್ಪದೆ ಹೇಳಲು ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತಿದ್ದರು. ಆ ಸಂಖ್ಯೆಯನ್ನು ಮುಪ್ಪಿನವರೆಗೂ ಮರೆಯದೆ ಹೇಳುವವರು ಬ್ರಿಟನ್ನಿನಲ್ಲಿ ಬೇಕಾದಷ್ಟು ಮಂದಿ ಇದ್ದರು.

ಇಲ್ಲಿ ಗಮನಿಸಬೇಕಾದ ಮತ್ತೊಂದು ಅಂಶವಿದೆ. ಊರೂರಿನ ಸಂಘಗಳು ಸೇರಿ 1863ರಲ್ಲಿ ಮ್ಯಾಂಚೆಸ್ಟರಿನಲ್ಲಿ ತಮ್ಮದೇ ಸಗಟು ಸಂಘವನ್ನು ಕಟ್ಟಿದವು. 1868ರಲ್ಲಿ ಸ್ಕಾಟ್ಲೆಂಡಿನ ಸಂಘಗಳು ಬೇರೊಂದನ್ನು ಕಟ್ಟಿಕೊಂಡವು. ಕೆಳಗಿನ ಚಿಲ್ಲರೆ ಸಂಘಗಳು ಮೊದಲು ಬಲಗೊಂಡು, ಆಮೇಲೆ ಅವುಗಳ ಅಗತ್ಯಕ್ಕೆ ತಕ್ಕಂತೆ ಮೇಲಿನ ಸಗಟು ಸಂಸ್ಥೆ ಹುಟ್ಟಿತು. ನಮ್ಮಲ್ಲಿ ಆದದ್ದು ಇದಕ್ಕೆ ತಲೆಕೆಳಗು.

ಭಾರತದಲ್ಲಿ 1904ರ ಸಹಕಾರ ಕಾಯ್ದೆ ಸಾಲದ ಸಂಘಗಳನ್ನು ಮಾತ್ರ ಉದ್ದೇಶಿಸಿತ್ತು. ಈಗಿನ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು 1905ರಲ್ಲಿ ಕಟ್ಟಿದ ಪ್ರಸಿದ್ಧ ಸಂಘವೂ ಕೃಷಿಪತ್ತಿನ ಸಂಘವೇ. ಗ್ರಾಹಕರ ಸಂಘಗಳಿಗೆ ಮಾದರಿಯಾದದ್ದು ಮದರಾಸಿನ ಟ್ರಿಪ್ಲಿಕೇನಿನಲ್ಲಿ 1904ರಲ್ಲಿ ಆರಂಭವಾದ ನಗರ ಸಹಕಾರ ಸಂಘ. ಅಲ್ಲಿಯ ಹಿಂದೂ ಹೈಸ್ಕೂಲಿನ ಮುಖ್ಯೋಪಾಧ್ಯಾಯರಾಗಿದ್ದ, ಮುಂದೆ ‘ರೈಟ್ ಆನರಬಲ್’ ಎಂದು ದೇಶವಿದೇಶಗಳಲ್ಲಿ ಹೆಸರಾದ ವಿ. ಎಸ್. ಶ್ರೀನಿವಾಸ ಶಾಸ್ತ್ರಿಗಳು ಅದರ ಸ್ಥಾಪನೆಯಲ್ಲಿ ಮುಖ್ಯ ಪಾತ್ರ ವಹಿಸಿದ್ದರು. 1912ರ ಕಾಯ್ದೆ ಬಂದ ಮೇಲೆ ಸಾಲವಲ್ಲದ ಉದ್ದೇಶಗಳ ಸಂಘಗಳಿಗೂ ಬಾಗಿಲು ತೆರೆಯಿತು. ಆದರೂ ಮೂರು ದಶಕಗಳ ಕಾಲ ಗ್ರಾಹಕರ ಸಂಘಗಳ ಬೆಳವಣಿಗೆ ಹೇಳಿಕೊಳ್ಳುವಂತಿರಲಿಲ್ಲ.

ಎರಡನೆಯ ಮಹಾಯುದ್ಧ ಈ ಸ್ಥಿತಿಯನ್ನು ಒಮ್ಮೆಗೇ ಬದಲಿಸಿತು. ಆಹಾರದ ಅಭಾವ, ಕಾಳಸಂತೆ, 1943ರ ಬಂಗಾಳದ ಕ್ಷಾಮ, ಅದರ ಬೆನ್ನಿಗೆ ನಗರಗಳಲ್ಲಿ ಬಂದ ಪಡಿತರ ಪದ್ಧತಿ ಇವೆಲ್ಲದರ ನಡುವೆ ಸರ್ಕಾರಕ್ಕೆ ನಂಬಿಕೆಯ ವಿತರಕರು ಬೇಕಾಗಿದ್ದರು, ಜನರಿಗೆ ಸಕ್ಕರೆ ಸೀಮೆಎಣ್ಣೆ ಬೇಕಾಗಿತ್ತು. ಸಂಘಗಳು ನಾಯಿಕೊಡೆಗಳಂತೆ ಎದ್ದವು. 1952ರಿಂದ 1954ರ ನಡುವೆ ರಫಿ ಅಹಮದ್ ಕಿದ್ವಾಯಿಯವರು ಕೇಂದ್ರದ ಆಹಾರ ಸಚಿವರಾಗಿದ್ದಾಗ ಧಾನ್ಯಗಳ ಮೇಲಿನ ನಿಯಂತ್ರಣಗಳು ಹಂತಹಂತವಾಗಿ ಸಡಿಲಗೊಂಡವು. ಎದ್ದ ಸಂಘಗಳಲ್ಲಿ ಬಹುಪಾಲು ಅಷ್ಟೇ ಬೇಗ ಒರಗಿದವು.

ಮತ್ತೆ ಜೀವ ಬಂದದ್ದು ಮತ್ತೊಂದು ಯುದ್ಧದಿಂದ. 1962ರ ಚೀನಾ ಆಕ್ರಮಣದ ಹೊತ್ತಿಗೆ ಬೆಲೆಗಳನ್ನು ಹಿಡಿದಿಡುವ ಉದ್ದೇಶದಿಂದ ಅದೇ ನವೆಂಬರಿನಲ್ಲಿ ಕೇಂದ್ರ ಸರ್ಕಾರವು 50,000ಕ್ಕಿಂತ ಹೆಚ್ಚು ಜನಸಂಖ್ಯೆಯ ಪಟ್ಟಣಗಳಲ್ಲಿ 200 ಸಗಟು ಮಳಿಗೆಗಳನ್ನೂ 4,000 ಪ್ರಾಥಮಿಕ ಮಳಿಗೆಗಳನ್ನೂ ಸ್ಥಾಪಿಸುವ ಯೋಜನೆಯನ್ನು ಕೈಗೊಂಡಿತು. ತಮ್ಮ ತಂದೆಯವರು ಷೇರು ಪಡೆದ ಸಂಘ ಬಹುಶಃ ಈ ಯೋಜನೆಯ ಕೂಸು. 1965ರಲ್ಲಿ ರಾಷ್ಟ್ರೀಯ ಗ್ರಾಹಕರ ಸಹಕಾರ ಒಕ್ಕೂಟ ಬಂತು. 1966ರ ಜೂನಿನಲ್ಲಿ ಡಾಲರಿಗೆ 4.76 ರೂಪಾಯಿ ಇದ್ದದ್ದು 7.50 ಆಗಿ ರೂಪಾಯಿಯ ಅಪಮೌಲ್ಯವಾದಾಗ, ಬೆಲೆ ಏರಿಕೆಯ ಭೀತಿಗೆ ಉತ್ತರವಾಗಿ ದೊಡ್ಡ ನಗರಗಳಲ್ಲಿ ಬಹುವಿಭಾಗಗಳ ಬಜಾರುಗಳನ್ನು ತೆರೆಯುವ ಕಾರ್ಯಕ್ರಮ ಆರಂಭವಾಯಿತು. ದೆಹಲಿಯ ಸೂಪರ್ ಬಜಾರ್ ಅದೇ ಜುಲೈಯಲ್ಲಿ ತೆರೆಯಿತು. ನಮ್ಮಲ್ಲಿ ‘ಜನತಾ ಬಜಾರ್’ ಎಂಬ ಹೆಸರು ಮನೆಮಾತಾದದ್ದು ಈ ಅಲೆಯಲ್ಲೇ.

ಅಭಾವವಿದ್ದಾಗ ಹುಟ್ಟಿ, ಅಭಾವ ನೀಗಿದಾಗ ಸೊರಗುವ ಈ ಸಂಘಗಳಿಗೆ ಸದಸ್ಯರು ಬರುತ್ತಿದ್ದುದು ನಿಯಂತ್ರಿತ ಬಟ್ಟೆಗೋ ಸಕ್ಕರೆಗೋ ಹೊರತು ರಿಬೇಟಿಗಾಗಿ ಅಲ್ಲ. ಸರದಿಯಲ್ಲಿ ನಿಂತು ಕೊಳ್ಳಲು ಜನ ಸಿದ್ಧರಿರುವಾಗ ಅವರಿಗೆ ರಿಬೇಟಿನ ಆಕರ್ಷಣೆ ತೋರಿಸುವ ಅಗತ್ಯ ಯಾವ ಕಾರ್ಯದರ್ಶಿಗೂ ಕಾಣಲಿಲ್ಲ. ಸರದಿ ಕರಗುವ ಹೊತ್ತಿಗೆ ಹಂಚಲು ಲಾಭವೇ ಉಳಿದಿರಲಿಲ್ಲ. ತಮ್ಮ ಮೊದಲ ಪ್ರಶ್ನೆಗೆ ನನ್ನ ಉತ್ತರ ಇಷ್ಟು.

ಉತ್ತರ 2: ನಿವೃತ್ತ ವ್ಯವಸ್ಥಾಪಕ

ಮೇಷ್ಟ್ರು ಚರಿತ್ರೆಯನ್ನು ಹೇಳಿದ್ದಾರೆ, ನಾನು ಗಲ್ಲಾಪೆಟ್ಟಿಗೆಯ ಕಡೆಯಿಂದ ಹೇಳುತ್ತೇನೆ. ಒಂದು ಗ್ರಾಹಕರ ಸಂಘದಲ್ಲಿ (ಹೆಸರು ಬೇಡ) ಗುಮಾಸ್ತನಾಗಿ ಸೇರಿ ವ್ಯವಸ್ಥಾಪಕನಾಗಿ ನಿವೃತ್ತನಾದವನು ನಾನು.

ದಿನಸಿ ವ್ಯಾಪಾರದಲ್ಲಿ ಲಾಭವನ್ನು ನಿರ್ಧರಿಸುವುದು ಕೊಂಡ ಬೆಲೆಗೂ ಮಾರುವ ಬೆಲೆಗೂ ಇರುವ ಶೇಕಡಾವಾರು ಅಂತರವಲ್ಲ, ಸರಕು ವರ್ಷಕ್ಕೆ ಎಷ್ಟು ಬಾರಿ ತಿರುಗುತ್ತದೆ ಎಂಬುದು. ಉದಾಹರಣೆಗೆ ನೂರು ರೂಪಾಯಿಯ ಅಕ್ಕಿಯನ್ನು ಶೇ. 6ರ ಅಂತರದಲ್ಲಿ ವರ್ಷಕ್ಕೆ ಹನ್ನೆರಡು ಸಲ ಮಾರಿ ತಿರುಗಿಸಿದರೆ ಆ ನೂರು ರೂಪಾಯಿ 72 ರೂಪಾಯಿ ದುಡಿಯುತ್ತದೆ. ಅದೇ ನೂರು ರೂಪಾಯಿಯ ಪಾತ್ರೆಯನ್ನು ಶೇ. 10ರ ಅಂತರದಲ್ಲಿ ನಾಲ್ಕು ಸಲ ತಿರುಗಿಸಿದರೆ ದುಡಿಯುವುದು 40 ಮಾತ್ರ. ಇದು ಬೀದಿಯ ಕೊನೆಯ ಶೆಟ್ಟರಿಗೆ ಓದದೆಯೇ ಗೊತ್ತಿರುತ್ತದೆ. ನಮ್ಮ ಸಂಘದ ಖರೀದಿ ಉಪಸಮಿತಿ ತಿಂಗಳಿಗೊಮ್ಮೆ ಸೇರಿ, ಮೂರು ದರಪಟ್ಟಿ ತರಿಸಿ, ಠರಾವು ಬರೆದು ಸರಕು ಕೊಳ್ಳುವಷ್ಟರಲ್ಲಿ ಪೇಟೆಯ ಧಾರಣೆ ಎರಡು ಬಾರಿ ಬದಲಾಗಿರುತ್ತಿತ್ತು. ಯುಗಾದಿಗೆಂದು ಠರಾವಾದ ಬಟ್ಟೆ ಮಳೆಗಾಲಕ್ಕೆ ಬಂದು, ಮುಂದಿನ ಯುಗಾದಿಯವರೆಗೂ ಬೀರುವಿನಲ್ಲೇ ಮಲಗಿದ್ದನ್ನು ನಾನೇ ದಾಸ್ತಾನು ಪುಸ್ತಕದಲ್ಲಿ ಬರೆದಿದ್ದೇನೆ. ಕೊಳೆತ ದಾಸ್ತಾನನ್ನು ಲೆಕ್ಕದಿಂದ ತೆಗೆಯಬೇಕೆಂದರೆ ಲೆಕ್ಕಪರಿಶೋಧಕರ ಆಕ್ಷೇಪಣೆ ಬರುತ್ತದೆ. ಆದ್ದರಿಂದ ಯಾರೂ ತೆಗೆಯುವುದಿಲ್ಲ, ಅದು ಅಢಾವೆ ಪತ್ರಿಕೆಯಲ್ಲಿ (ಆಸ್ತಿ ಮತ್ತು ಹೊಣೆಗಳ ಪಟ್ಟಿಯಲ್ಲಿ) ಪೂರ್ಣ ಬೆಲೆಯ ಆಸ್ತಿಯಾಗಿ ವರ್ಷಗಟ್ಟಲೆ ಕುಳಿತಿರುತ್ತದೆ. ತಮ್ಮ ಸಂಘದ ವರದಿಯಲ್ಲಿ ‘ಅಖೈರು ದಾಸ್ತಾನು’ (ವರ್ಷದ ಕೊನೆಗೆ ಮಾರಾಟವಾಗದೆ ಉಳಿದ ಸರಕು) ಎಂದಿರುವ ಮೊತ್ತವನ್ನು ಮಾರಾಟದ ಮೊತ್ತದ ಪಕ್ಕದಲ್ಲಿಟ್ಟು ನೋಡಿ. ಸಂಘದ ಆರೋಗ್ಯದ ಅರ್ಧ ಸಂಗತಿ ಅಲ್ಲೇ ತಿಳಿಯುತ್ತದೆ.

ಎರಡನೆಯದು, ಕೊಡುಗೈ ಸಾಲ. ರಾಚ್‌ಡೇಲಿನವರು ನಗದು ಎಂದರು. ನಾವು ಸರ್ಕಾರಿ ಇಲಾಖೆಗಳಿಗೆ, ವಿದ್ಯಾರ್ಥಿನಿಲಯಗಳಿಗೆ, ಆಸ್ಪತ್ರೆಗಳಿಗೆ ಸರಬರಾಜು ಮಾಡಿ ಬಿಲ್ಲಿನ ಹಣಕ್ಕಾಗಿ ಖಜಾನೆಯ ಬಾಗಿಲು ಕಾದೆವು. ವಹಿವಾಟಿನ ಅಂಕಿ ದೊಡ್ಡದಾಗಿ ಕಾಣುತ್ತಿದ್ದುದರಿಂದ ವರದಿ ಓದಿದವರಿಗೆ ಸಂತೋಷವಾಗುತ್ತಿತ್ತು. ಆದರೆ ವಸೂಲಿಯಾಗಬೇಕಾದ ಹಣದ ಮೇಲೆ ನಾವು ಜಿಲ್ಲಾ ಬ್ಯಾಂಕಿಗೆ ಕಟ್ಟುತ್ತಿದ್ದ ಬಡ್ಡಿ ಆ ವಹಿವಾಟಿನ ಲಾಭವನ್ನು ತಿಂದುಹಾಕುತ್ತಿತ್ತು. ನ್ಯಾಯಬೆಲೆ ಅಂಗಡಿಯ ಕಥೆ ಇನ್ನೂ ಸರಳ. ಅಲ್ಲಿ ಸರಕೂ ಸರ್ಕಾರದ್ದು, ಬೆಲೆಯೂ ಸರ್ಕಾರದ್ದು, ನಮಗೆ ದಕ್ಕುವುದು ಕ್ವಿಂಟಾಲಿಗಿಷ್ಟೆಂದು ಗೊತ್ತುಮಾಡಿದ ಕಮಿಷನ್. ಬಾಡಿಗೆ, ಹಮಾಲಿ, ಸಂಬಳ ಏರಿದರೂ ಅದು ತಾನಾಗಿ ಏರುವುದಿಲ್ಲ.

ಈಗ ತಮ್ಮ ಮೂರನೆಯ ಪ್ರಶ್ನೆಗೆ ಬರುತ್ತೇನೆ. ಒಂದು ಕಾಲ್ಪನಿಕ ಲೆಕ್ಕ ಹಾಕೋಣ. ಸಂಘದ ವಾರ್ಷಿಕ ಮಾರಾಟ 1 ಕೋಟಿ ರೂಪಾಯಿ, ಸರಕು ಕೊಂಡ ಬೆಲೆ ಕಳೆದು ಉಳಿಯುವ ವ್ಯಾಪಾರಿ ಲಾಭ 9 ಲಕ್ಷ, ಸಂಬಳ, ಸಾದಿಲ್ವಾರು (ಚಿಲ್ಲರೆ ಖರ್ಚು) ಎಲ್ಲ ಸೇರಿ ಖರ್ಚು ಆರೂವರೆ ಲಕ್ಷ, ನಿವ್ವಳ ಲಾಭ ಎರಡೂವರೆ ಲಕ್ಷ ಎಂದಿಟ್ಟುಕೊಳ್ಳಿ. ಕರ್ನಾಟಕ ಸಹಕಾರ ಸಂಘಗಳ ಕಾಯ್ದೆ 1959ರ ಪ್ರಕಾರ ನಿವ್ವಳ ಲಾಭದ ಶೇ. 25ನ್ನು ಮೀಸಲು ನಿಧಿಗೆ ಒಯ್ಯಬೇಕು, ಅಂದರೆ 62,500 ಹೋಯಿತು. ಸಣ್ಣಪುಟ್ಟ ನಿಧಿಗಳನ್ನು ಸದ್ಯಕ್ಕೆ ಬಿಡೋಣ. ಉಳಿದ 1,87,500ರಲ್ಲಿ 10 ಲಕ್ಷ ಷೇರು ಬಂಡವಾಳಕ್ಕೆ ಶೇ. 8ರಂತೆ 80,000 ಡಿವಿಡೆಂಡ್ ಕೊಟ್ಟರೆ 1,07,500 ಕೈಯಲ್ಲಿರುತ್ತದೆ. ಮಾರಾಟದಲ್ಲಿ ಸದಸ್ಯರ ಪಾಲು 40 ಲಕ್ಷವಾಗಿದ್ದರೆ ಅದಕ್ಕೆ ಶೇ. 1ರಂತೆ 40,000 ರಿಬೇಟು ಕೊಡಬಹುದು, ಕೊಟ್ಟ ಮೇಲೂ 67,500 ಉಳಿಯುತ್ತದೆ. ತಿಂಗಳಿಗೆ 5,000 ರೂಪಾಯಿಯ ದಿನಸಿ ಒಯ್ಯುವ ಸದಸ್ಯನಿಗೆ ವರ್ಷಕ್ಕೆ 600 ರೂಪಾಯಿ ಬರುತ್ತದೆ. ಅವನ 500 ರೂಪಾಯಿ ಷೇರಿಗೆ ಬರುವ ಡಿವಿಡೆಂಡ್ 40 ರೂಪಾಯಿ. ಯಾವುದು ಅವನನ್ನು ಮತ್ತೆ ಅಂಗಡಿಗೆ ಕರೆತರುತ್ತದೆ ಎಂದು ನಾನು ಹೇಳಬೇಕಾಗಿಲ್ಲ.

ಲೆಕ್ಕ ಕೂಡಿಬರುತ್ತದೆ, ಅಡ್ಡಿ ಇರುವುದು ಬೇರೆ ಕಡೆ. ಸದಸ್ಯರ ಪಾಲು 40 ಲಕ್ಷವೋ 4 ಲಕ್ಷವೋ ಎಂಬುದನ್ನು ಸಂಘ ಬರೆದಿಟ್ಟಿರಬೇಕಲ್ಲ? ನಮ್ಮಲ್ಲಿ ಖರೀದಿ ಪುಸ್ತಕ ನಿಂತದ್ದು ಯಾವ ಠರಾವಿನಿಂದಲೂ ಅಲ್ಲ. ಒಂದು ವರ್ಷ ಪುಸ್ತಕಗಳು ಅಚ್ಚಾಗಿ ಬರಲಿಲ್ಲ, ಮರುವರ್ಷ ಯಾರೂ ಕೇಳಲಿಲ್ಲ. ಹೀಗೆ ಸದಸ್ಯ ಯಾರು, ದಾರಿಹೋಕ ಯಾರು ಎಂಬ ಭೇದವೇ ಕೌಂಟರಿನಲ್ಲಿ ಅಳಿಸಿಹೋಯಿತು.

ಹಾಲಿನ ಸಂಘದ ಹೋಲಿಕೆಯ ಬಗ್ಗೆ ಒಂದು ಮಾತು. ಹಾಲು ಹಾಕುವ ರೈತನಿಗೆ ಸಂಘ ಮುಚ್ಚಿದರೆ ಅಂದಿನ ಸಂಜೆಯ ಹಾಲು ಕ್ಯಾನಿನಲ್ಲೇ ಉಳಿಯುತ್ತದೆ. ಆದ್ದರಿಂದ ಅವನು ಫ್ಯಾಟು ಅಳೆಯುವ ಯಂತ್ರದ ಮೇಲೆ ಕಣ್ಣಿಟ್ಟಿರುತ್ತಾನೆ, ಬಟವಾಡೆ ಎರಡು ದಿನ ತಡವಾದರೆ ಜಗಳಕ್ಕೆ ಬರುತ್ತಾನೆ, ಚುನಾವಣೆಯಲ್ಲಿ ನಿಲ್ಲುತ್ತಾನೆ. ಗ್ರಾಹಕನಿಗೆ ನಮ್ಮ ಮಳಿಗೆ ಸರಿಬರದಿದ್ದರೆ ರಸ್ತೆ ದಾಟಿ ಎದುರಿನ ಅಂಗಡಿಗೆ ಹೋಗುತ್ತಾನೆ, ಜಗಳವಾಡುವುದಿಲ್ಲ. ನಮ್ಮನ್ನು ಕೆಡಿಸಿದ್ದು ಆ ಸೌಜನ್ಯವೇ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಉತ್ತರ 3: ಲೆಕ್ಕಿಗ

ಮೇಲಿನ ಇಬ್ಬರ ಮಾತನ್ನೂ ಗೌರವಿಸುತ್ತಲೇ ನನ್ನ ಭಿನ್ನಾಭಿಪ್ರಾಯವನ್ನು ದಾಖಲಿಸುತ್ತೇನೆ. ರಿಬೇಟು ನಮ್ಮಲ್ಲಿ ನಿರ್ಲಕ್ಷ್ಯದಿಂದ ಮಾತ್ರ ಸತ್ತದ್ದಲ್ಲ. ಅದರ ತವರಾದ ಬ್ರಿಟನ್ನಿನಲ್ಲೂ ಅದು ಕ್ಷೀಣಿಸಿತು. ಅಲ್ಲಿನ ಕಾರಣ ನಮಗೂ ಸಂಬಂಧಪಟ್ಟದ್ದು.

ಬ್ರಿಟನ್ನಿನಲ್ಲಿ 1964ರವರೆಗೆ ಬಹಳಷ್ಟು ಸರಕುಗಳ ಚಿಲ್ಲರೆ ಬೆಲೆಯನ್ನು ತಯಾರಕರೇ ಕಟ್ಟುಮಾಡುತ್ತಿದ್ದರು, ಅದಕ್ಕಿಂತ ಕಡಿಮೆಗೆ ಅಂಗಡಿಯವರು ಮಾರುವಂತಿರಲಿಲ್ಲ. ಎಲ್ಲ ಅಂಗಡಿಯಲ್ಲೂ ಒಂದೇ ಬೆಲೆ ಇರುವಾಗ ವರ್ಷದ ಕೊನೆಗೆ ಒಂದಷ್ಟು ಹಣ ಮರಳಿಸುವ ಸಂಘಕ್ಕೆ ಸಹಜವಾಗಿಯೇ ಮೇಲುಗೈ. ಇದು ಮರೆಯಲ್ಲಿ ಬೆಲೆ ಇಳಿಸಿದಂತೆಯೇ ಎಂದು ಕೆಲವು ತಯಾರಕರು ಸಹಕಾರಿ ಅಂಗಡಿಗಳಿಗೆ ಸರಕು ಕೊಡಲು ನಿರಾಕರಿಸಿದ್ದೂ ಉಂಟು. 1964ರ ಮರುಮಾರಾಟ ಬೆಲೆಗಳ ಕಾಯ್ದೆ ಈ ಕಟ್ಟುಪಾಡನ್ನು ಬಹುಮಟ್ಟಿಗೆ ತೆಗೆದುಹಾಕಿತು. ಸೂಪರ್‌ಮಾರ್ಕೆಟ್ಟುಗಳು ಕಪಾಟಿನಲ್ಲೇ ಬೆಲೆ ಇಳಿಸಿದವು. ಇವತ್ತು ಎದುರಿಗೆ ಕಾಣುವ ಎರಡು ಪೆನ್ನಿಯ ಇಳಿಕೆಯ ಮುಂದೆ ಆರು ತಿಂಗಳ ನಂತರ ಬರುವ ಡಿವಿಡೆಂಡ್ ಮಂಕಾಯಿತು. ಪ್ರತಿ ಖರೀದಿಯನ್ನೂ ಪುಸ್ತಕಕ್ಕೇರಿಸುವ ಗುಮಾಸ್ತೆಗಾರಿಕೆಯ ಖರ್ಚು ತಡೆಯಲಾರದೆ 1960ರ ದಶಕದ ಕೊನೆಯ ವೇಳೆಗೆ ಅಲ್ಲಿಯ ಸಂಘಗಳು ಖರೀದಿಯ ಹೊತ್ತಿಗೇ ಕೊಡುವ, ಪುಸ್ತಕಕ್ಕೆ ಅಂಟಿಸಿ ಕೂಡಿಡುವ ಚೀಟಿಗಳ ರೂಪಕ್ಕೆ ಡಿವಿಡೆಂಡನ್ನು ಇಳಿಸಿಕೊಂಡವು. ಇದಕ್ಕೂ ಮೊದಲೇ, 1958ರಲ್ಲಿ, ಲೇಬರ್ ಪಕ್ಷದ ನಾಯಕ ಹ್ಯೂ ಗೈಟ್ಸ್‌ಕೆಲ್ ಅಧ್ಯಕ್ಷತೆಯ ಸ್ವತಂತ್ರ ಆಯೋಗವು ಸಾವಿರದ ಆಸುಪಾಸಿನಲ್ಲಿದ್ದ ಚಿಲ್ಲರೆ ಸಂಘಗಳನ್ನು ವಿಲೀನಗೊಳಿಸಿ 200ರಿಂದ 300ಕ್ಕೆ ಇಳಿಸಬೇಕೆಂದು ಹೇಳಿತ್ತು. ಸಂಘಗಳು ಒಪ್ಪಲು ತಡಮಾಡಿದವು.

ನಮ್ಮಲ್ಲಿ ಪೊಟ್ಟಣದ ಸರಕಿನ ಮೇಲೆ ಅಚ್ಚಾಗುವ ಎಂಆರ್‌ಪಿ ಗರಿಷ್ಠ ಮಿತಿ ಮಾತ್ರ, ಅದಕ್ಕಿಂತ ಕಡಿಮೆಗೆ ಮಾರಲು ಯಾರಿಗೂ ತಡೆಯಿಲ್ಲ. ಎದುರಿನ ಮಾಲ್ ಎಂಆರ್‌ಪಿಗಿಂತ ಶೇ. 5 ಕಡಿಮೆಗೆ ಕೊಡುವಾಗ, ಮುಂದಿನ ಸೆಪ್ಟೆಂಬರಿನ ಸಭೆಯಲ್ಲಿ ಶೇ. 1 ಕೊಡುತ್ತೇವೆಂದು ಹೇಳಿದರೆ ಯಾವ ಗೃಹಿಣಿ ಕಾಯುತ್ತಾಳೆ? ವ್ಯವಸ್ಥಾಪಕರ ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ಅದು ಸದಸ್ಯ ಈಗಾಗಲೇ ಅಂಗಡಿಗೆ ಬರುತ್ತಿದ್ದಾನೆಂದು ಊಹಿಸಿಕೊಂಡ ಲೆಕ್ಕ.

ಹಾಗೆಂದು ಪ್ರಾಂತೀಯ ಗ್ರಾಹಕರ ಸಂಘಗಳ ಕಾಲ ಮುಗಿಯಿತೆಂದು ನಾನು ಹೇಳುತ್ತಿಲ್ಲ. ಎಡಿನ್‌ಬರೋದಲ್ಲಿ 1859ರಲ್ಲಿ ಹುಟ್ಟಿದ ಸೇಂಟ್ ಕತ್‌ಬರ್ಟ್ಸ್ ಸಂಘ 1981ರಲ್ಲಿ ಮತ್ತೊಂದು ಸಂಘದೊಡನೆ ಕೂಡಿ ಸ್ಕಾಟ್‌ಮಿಡ್ ಆಗಿ ಇಂದಿಗೂ ನಡೆಯುತ್ತಿದೆ. 1861ರ ಲಿಂಕನ್‌ಶೈರ್ ಸಂಘ ತನ್ನ ಸುತ್ತಲಿನ ಸೀಮೆಯನ್ನು ಬಿಟ್ಟು ದೂರ ಹೋಗದೆ ದಿನಸಿಯ ಜೊತೆಗೆ ಔಷಧಿ ಅಂಗಡಿ, ಅಂಚೆ ಸೇವೆ, ಅಂತ್ಯಸಂಸ್ಕಾರದ ಏರ್ಪಾಟು ಮುಂತಾದವನ್ನು ನಡೆಸುತ್ತದೆ. ಅಂತ್ಯಸಂಸ್ಕಾರ ಕೂಡ ಸಹಕಾರಿ ವ್ಯವಹಾರವೇ ಎಂದು ನಮ್ಮವರು ಹುಬ್ಬೇರಿಸಬಹುದು. ಆದರೆ ದುಃಖದ ಹೊತ್ತಿನಲ್ಲಿ ಚೌಕಾಸಿ ಮಾಡಲಾಗದ ಮನೆಯವರಿಗೆ ನಂಬಿಕೆಯ ಸಂಸ್ಥೆ ಎಷ್ಟು ಬೇಕೆಂದು ಯೋಚಿಸಿದರೆ ವಿಚಿತ್ರವೆನಿಸುವುದಿಲ್ಲ. ನಮ್ಮ ಸಂಘಗಳ ಔಷಧಿ ಅಂಗಡಿಗಳು ಉಳಿದಿರುವುದೂ ಇದೇ ಕಾರಣಕ್ಕೆ. ಔಷಧಿಯ ಗುಣವನ್ನು ಕೊಳ್ಳುವವನು ನೋಡಿ ಅರಿಯಲಾರ, ಆದ್ದರಿಂದ ನಂಬಿಕೆಗೆ ಅಲ್ಲಿ ಬೆಲೆಯಿದೆ. ಪ್ರಶ್ನೆ ಕೇಳಿದವರು ಅದನ್ನು ಕೊರತೆಯಂತೆ ಹೇಳಿದ್ದಾರೆ, ನನಗೆ ಅದು ಸಂಘ ತನ್ನ ಬಲವನ್ನು ತಾನೇ ಕಂಡುಕೊಂಡಂತೆ ತೋರುತ್ತದೆ.

ದಿನಸಿಯಲ್ಲಿ ದಾರಿ ಬೇಕೆಂದರೆ ಜಪಾನಿನ ಕಡೆ ನೋಡಬಹುದು. ಅಲ್ಲಿಯ 1948ರ ಕಾಯ್ದೆ ಗ್ರಾಹಕರ ಸಂಘಗಳು ತಮ್ಮ ಪ್ರಾಂತದ ಗಡಿ ದಾಟಕೂಡದು, ಸಾಮಾನ್ಯವಾಗಿ ಸದಸ್ಯರಲ್ಲದವರಿಗೆ ಮಾರಕೂಡದು ಎಂದು ವಿಧಿಸಿತು. ಸಣ್ಣ ವ್ಯಾಪಾರಿಗಳ ಹಿತಕ್ಕೂ ಒದಗಿದ ಈ ನಿರ್ಬಂಧವೇ ಸಂಘಗಳಿಗೆ ವರವಾಯಿತು. ಕೊಳ್ಳುವವರೆಲ್ಲರೂ ಸದಸ್ಯರೇ ಆಗಬೇಕಾಯಿತು. ಐದಾರು ಮನೆಗಳು ಒಂದು ಗುಂಪಾಗಿ, ಅವರ ಭಾಷೆಯಲ್ಲಿ ‘ಹಾನ್’, ಮುಂದಿನ ವಾರಕ್ಕೆ ಬೇಕಾದದ್ದನ್ನು ಈ ವಾರವೇ ಬರೆದುಕೊಡುವ ಪದ್ಧತಿ ಬೆಳೆಯಿತು. ಕೇಳಿದಷ್ಟೇ ತರಿಸುವುದರಿಂದ ವ್ಯವಸ್ಥಾಪಕರು ಹೇಳಿದ ಬೀರುವಿನಲ್ಲಿ ಮಲಗುವ ಬಟ್ಟೆಯ ಪ್ರಶ್ನೆ ಹುಟ್ಟುವುದಿಲ್ಲ. ಸಮಾಜ ಸುಧಾರಕ ಟೊಯೊಹಿಕೊ ಕಗಾವಾ ಅವರ ನೇತೃತ್ವದಲ್ಲಿ 1921ರಲ್ಲಿ ಬೇರೂರಿದ ಕೋಬೆಯ ಸಂಘ ಹೀಗೆ ಬೆಳೆದು ಆ ದೇಶದ ಅತಿ ದೊಡ್ಡ ಸಂಘಗಳಲ್ಲಿ ಒಂದಾಯಿತು. 1995ರ ಜನವರಿಯ ಭೂಕಂಪದಲ್ಲಿ ತನ್ನ ಕೇಂದ್ರ ಕಚೇರಿಯೇ ಕುಸಿದರೂ ಅದು ಸಾಮಾನು ಸರಬರಾಜನ್ನು ಮುಂದುವರಿಸಿತು.

ಆದ್ದರಿಂದ ಸಭೆಯಲ್ಲಿ ರಿಬೇಟಿನ ಶೇಕಡಾವಾರನ್ನು ಕೇಳುವ ಮೊದಲು, ನೂರಿನ್ನೂರು ಮನೆಗಳಿಂದ ತಿಂಗಳ ದಿನಸಿಯ ಪಟ್ಟಿಯನ್ನು ಮುಂಗಡವಾಗಿ ಪಡೆಯುವ ಪ್ರಯೋಗವನ್ನು ಕೇಳುವುದು ಉತ್ತಮವೆಂದು ನನ್ನ ಅಭಿಪ್ರಾಯ.

ನಿವೃತ್ತ ವ್ಯವಸ್ಥಾಪಕ (ಮರು ಉತ್ತರ)

ಲೆಕ್ಕಿಗರು ಹೇಳಿದ ಮುಂಗಡ ಪಟ್ಟಿಯನ್ನು ನಾನು ಒಪ್ಪುತ್ತೇನೆ. ಆದರೆ ಅವರು ರಿಬೇಟನ್ನು ಬೆಲೆ ಇಳಿಕೆಯ ಜೊತೆ ಮಾತ್ರ ತೂಗಿದ್ದಾರೆ. ರಿಬೇಟು ಕೊಡಬೇಕಾದರೆ ಸಂಘ ತನ್ನ ಸದಸ್ಯ ಏನು ಕೊಂಡ, ಎಷ್ಟು ಕೊಂಡ, ಯಾವಾಗಿಂದ ಬರುವುದನ್ನು ನಿಲ್ಲಿಸಿದ ಎಂಬುದನ್ನು ಬರೆದಿಡಲೇಬೇಕಾಗುತ್ತದೆ. ಇಂದು ದೊಡ್ಡ ಅಂಗಡಿಗಳು ನಮ್ಮ ಮೊಬೈಲ್ ಸಂಖ್ಯೆ ಕೇಳಿ ಪಡೆಯುತ್ತಿರುವುದು ಇದೇ ಮಾಹಿತಿಯನ್ನಲ್ಲವೇ? ತಮ್ಮ ತಂದೆಯವರ ಪುಸ್ತಕದಲ್ಲಿ ಅದು ಅರವತ್ತು ವರ್ಷಗಳ ಹಿಂದೆಯೇ ಇತ್ತು.

ಹಳೆಯ ಷೇರುದಾರ (ಪ್ರಶ್ನೆ ಕೇಳಿದವರು)

ಮೂವರಿಗೂ ಕೃತಜ್ಞತೆಗಳು. ವ್ಯವಸ್ಥಾಪಕರು ಹೇಳಿದಂತೆ ಅಖೈರು ದಾಸ್ತಾನನ್ನು ಮಾರಾಟದ ಜೊತೆ ಹೋಲಿಸಿದೆ. ಔಷಧಿ ವಿಭಾಗವನ್ನು ಬಿಟ್ಟರೆ ನಮ್ಮ ಸಂಘದ ಸರಕು ವರ್ಷಕ್ಕೆ ಮೂರು ಬಾರಿಯೂ ತಿರುಗುತ್ತಿಲ್ಲ.

ನಿನ್ನೆ ಕಚೇರಿಗೆ ಹೋಗಿ, ಕಳೆದ ವರ್ಷದ ಮಾರಾಟದಲ್ಲಿ ಸದಸ್ಯರ ಖರೀದಿ ಎಷ್ಟು ಎಂದು ಲಿಖಿತವಾಗಿ ಕೇಳಿದೆ. ಅಲ್ಲಿಯ ಸಿಬ್ಬಂದಿ ಒಳ್ಳೆಯವರು, ತಮ್ಮ ಕಂಪ್ಯೂಟರನ್ನೇ ನನ್ನ ಕಡೆ ತಿರುಗಿಸಿ ತೋರಿಸಿದರು. ಬಿಲ್ಲಿನ ತಂತ್ರಾಂಶದಲ್ಲಿ ಗ್ರಾಹಕರ ಹೆಸರಿನ ಮೇಲೆಯೇ ‘ಸದಸ್ಯತ್ವ ಸಂಖ್ಯೆ’ ಎಂಬ ಖಾನೆಯಿದೆ. ಅದನ್ನು ಖಾಲಿ ಬಿಟ್ಟರೆ ಬಿಲ್ಲು ಮುಂದಕ್ಕೆ ಹೋಗುವುದಿಲ್ಲವಾದ್ದರಿಂದ ಎಲ್ಲರಿಗೂ ಸೊನ್ನೆ ಎಂದು ಹಾಕುತ್ತಾರಂತೆ. ಔಷಧಿ ಕೊಂಡು ನನ್ನ ಸಂಖ್ಯೆಯನ್ನು ಹೇಳಿದೆ. ಅವರು ಒಂದು ಕ್ಷಣ ನನ್ನನ್ನು ನೋಡಿ, ಸೊನ್ನೆಯನ್ನು ಅಳಿಸಿ 417 ಎಂದು ಬರೆದರು. ಅದು ತಂದೆಯವರ ಪುಸ್ತಕದ ರಟ್ಟಿನ ಮೇಲಿರುವ ಸಂಖ್ಯೆ.